ಮೊದಲ ತುತ್ತು

ಇದನ್ನು ಹೇಳಿಕೊಳ್ಳಲು ನನಗೆ ಮುಖವಿಲ್ಲ. ಆದರೂ ಹೇಳುತ್ತಿದ್ದೇನೆ, ಕ್ಷಮಿಸಿ.

ಪ್ರಾಣಿಗಳ ಆಶ್ರಯತಾಣದಿಂದ ನಾನು ತಂದ ನಾಯಿ, ಬಂದಾಗಿನಿಂದ ಅನ್ನವನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟಿರಲಿಲ್ಲ. ಭಯವಾಗಿ ಇಡ್ಲಿ ಗಾಡಿಯ ಅಕ್ಕನಿಗೆ ಹೇಳಿದೆ.

"ಅದ್ರ ತಟ್ಟೇಲಿ ಮೊದ್ಲು ನೀವೊಂದು ತುತ್ತು ತಿನ್ನಿ" ಎಂದರು.

ಹಾಗೆಯೇ ಮಾಡಿದೆ. ನಾಯಿ ತಟ್ಟೆಯನ್ನು ನೆಕ್ಕಿ ಮುಗಿಸಿತು.

ಮರುದಿನ ಹೋಗಿ, "ನಿಮಗೆ ಹೇಗೆ ಗೊತ್ತಾಯ್ತಕ್ಕ?" ಎಂದು ಕೇಳಿದೆ.

"ನಮ್ ಕೆಂಚೀನೂ ಹಂಗೇ ಕಣಮ್ಮ. ಈ ಗಾಡಿ ಕೆಳಗೇ ಮಲಗ್ತಿತ್ತು. ಹೋದ್ ವಾರ ಯಾರೋ ಬೀದಿನಾಯಿ ಅಂತ ವ್ಯಾನಲ್ಲಿ ಎತ್ಕೊಂಡ್ ಹೋದ್ರಂತೆ. ಇನ್ನೂ ಹುಡುಕ್ತಾನೇ ಇದೀನಿ."

ಹಿಟ್ಟು ಹುಯ್ಯುತ್ತಿದ್ದ ಅವರ ಕೈ ನಿಂತಿತು. "ನಿಮ್ ನಾಯೀದು ಎಡಗಿವಿ ಹರಿದಿದ್ಯಾ?"

ಬೆಳಿಗ್ಗೆಯಷ್ಟೇ ಆ ಹರಕು ಕಿವಿಯನ್ನು ಸವರಿ ಬಂದಿದ್ದ ನಾನು "ಇಲ್ಲಕ್ಕ" ಎಂದೆ.

ಅವರು ನಂಬಿದರೋ ಇಲ್ಲವೋ, ನನಗೆ ಗೊತ್ತಿಲ್ಲ.