ಗಂಜಿ ಬಿಡದ ಬಾವುಟ

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅದನ್ನು ಪಡೆಯಲು ಉಟ್ಟು ಹೋಗಿದ್ದ, ಅಪ್ಪ ನೇಯ್ದ ಸೀರೆಯ ಮಡಿಕೆ ಬಿಚ್ಚಿದಾಗಲೆಲ್ಲ ಗಂಜಿಯ ವಾಸನೆಯ ಜೊತೆ ನಮ್ಮೂರು ಬನಹಟ್ಟಿಯ ಒಂದು ಮಧ್ಯಾಹ್ನ ಹೊರಬರುತ್ತದೆ.

ಅಂದು ನಮ್ಮೂರ ಫುಟ್‌ಬಾಲ್ ತಂಡದ ಮಾಲೀಕರು ತೀರಿಕೊಂಡಿದ್ದರು. ಪಂದ್ಯವಿದ್ದ ದಿನ ತಮ್ಮ ಮಗ್ಗಗಳನ್ನು ಬೇಗ ನಿಲ್ಲಿಸಿ, ನೇಕಾರರನ್ನೆಲ್ಲ ಮೈದಾನಕ್ಕೆ ಕರೆದೊಯ್ಯುತ್ತಿದ್ದ ಸಾವ್ಕಾರರು. ತಂಡಕ್ಕೊಂದು ಹಸಿರು ಬಾವುಟ ನೇಯಲು ಅಪ್ಪನಿಗೆ ಹೇಳಿ, ದಿನಾ ಬಾಗಿಲಿಗೆ ಬಂದು, "ಆತೇನಪಾ?" ಎಂದು ಕೇಳುತ್ತಿದ್ದರು. ಅದಿನ್ನೂ ಮೊಳದಷ್ಟು ನೇಯುವುದು ಉಳಿದಿತ್ತು.

ತಂಡದ ಅಭಿಮಾನಿಗಳು ನಮ್ಮ ಮನೆಗೆ ಬಂದರು. "ಮಣ್ಣಿಗೆ ಒಯ್ಯೂದರಾಗ ಬಾವುಟ ಮುಗಸ್ರಿ. ಅವ್ರಿಗೆ ಹೊಚ್ಚಬೇಕು."

ಅಜ್ಜಿ ಗದರಿದಳು. "ಓಣ್ಯಾಗ ಹೆಣಾ ಇದ್ದಾಗ ಯಾರರ ಮಗ್ಗ ಹೊಡೀತಾರೇನ್ಲೇ? ಚೆಂಡಿನ ಹುಚ್ಚಿಗೆ ರೀತಿ-ರಿವಾಜೂ ಬಿಟ್ರ್ಯಾ?"

ಒಬ್ಬ ಓಡಿಹೋಗಿ ಸಾವ್ಕಾರರ ಹೆಂಡತಿಯನ್ನೇ ಕೇಳಿಬಂದ. "'ಹೊಡೀಲಿ, ಮಗ್ಗದ ಸಪ್ಪಳ ಇಲ್ಲಂದ್ರ ಅವ್ರಿಗೆ ನಿದ್ದಿ ಹತ್ತೂದಿಲ್ಲ' ಅಂದ್ರಬೇ ಅಜ್ಜಿ."

ಅಜ್ಜಿ ರಾಟೆಯ ಮುಂದೆ ಕುಳಿತು ಅಪ್ಪನಿಗೆ ನೂಲು ಸುತ್ತಿಕೊಡತೊಡಗಿದಳು.

ಊರ ಮಗ್ಗಗಳೆಲ್ಲ ಸುಮ್ಮನಿದ್ದವು, ಅಪ್ಪನದೊಂದೇ ಕಟಕ್ ಕಟಕ್ ಎನ್ನುತ್ತಿತ್ತು. ಗೋಲು ಬಿದ್ದರೆ ಮೈದಾನ ನಡುಗುವಂತೆ ಕೂಗುತ್ತಿದ್ದವರು ಬಿಸಿಲಲ್ಲಿ ತುಟಿ ಬಿಗಿಹಿಡಿದು ನಿಂತಿದ್ದರು.

ಕೊನೆಗೆ ಅಪ್ಪ ಬಟ್ಟೆ ಕತ್ತರಿಸಿ ಒಯ್ದ. ಸತ್ತವರನ್ನು ಕೂಡಿಸುವ ನಮ್ಮ ಕಡೆಯ ರೂಢಿಯಂತೆ ಸಾವ್ಕಾರರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ನೂಲಿಗೆ ಹಚ್ಚಿದ್ದ ಗಂಜಿಯ ಬಿರುಸಿಗೆ ಬಾವುಟ ಅವರ ಹೆಗಲ ಮೇಲೆ ನಿಲ್ಲಲಿಲ್ಲ. ಅಪ್ಪ ಅದನ್ನು ಅಂಗೈಯಿಂದ ಸವರಿ ಸವರಿ ಕೂರಿಸಿದ. ಆಮೇಲೆ ಅವರ ಕಿವಿಯ ಹತ್ತಿರ ಬಾಗಿ, "ಆತ್ರೀ, ಸಾವ್ಕಾರ್ರ" ಎಂದ.