ಒಂದು ಗಂಟೆಯ ಮಟ್ಟಿಗೆ ಬಂದ ಗ್ರೆಗರಿ

ವರ್ಷಕ್ಕೊಮ್ಮೆ ಸತ್ತವರಲ್ಲಿ ಒಬ್ಬರನ್ನು ಒಂದು ಗಂಟೆಯ ಮಟ್ಟಿಗೆ ಊರಿಗೆ ಕರೆಸಿಕೊಳ್ಳಬಹುದು; ಈ ವರ್ಷ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದವರ ಸರದಿ. ಬಂದವರು ವೇದಿಕೆ ಇಳಿಯುವಂತಿಲ್ಲ. ಕರೆಸಲು ಎಲ್ಲರಿಗಿಂತ ದೊಡ್ಡವ ಯಾರೆಂದು ಮಂಗಳೂರಿನ ಸಭಾಭವನದಲ್ಲಿ ಬೆಳಗಿನಿಂದಲೇ ಜಟಾಪಟಿ.

"ನಮ್ಮ ಗ್ರೆಗರಿ," ಎಂದಳು ಅವನ ವಿಧವೆ ಲವೀನಾ.

"ಮದುವೆ ಬ್ಯಾಂಡಿನಲ್ಲಿ ಬಾರಿಸ್ತಿದ್ದನಲ್ಲ, ಅವನಾ ಲವೀನಾ ಬಾಯೀ?" ಸಭೆ ನಡೆಸುತ್ತಿದ್ದ ಡೆನ್ಜಿಲ್ ಮಾಸ್ಟ್ರು ನಕ್ಕರು.

"ಅವರು ಮನೆಯಲ್ಲಿ ಬಾರಿಸಿದ್ದನ್ನು ನೀವು ಕೇಳಿದ್ದೀರಾ ಮಾಸ್ಟ್ರೇ? ನಿಮ್ಮ ದೊಡ್ಡ ಹೆಸರಿನವರೆಲ್ಲ ಅವರ ಕಾಲ ಧೂಳಿಗೂ ಸಮ ಅಲ್ಲ!"

ಹಸಿಹಸಿ ಸುಳ್ಳು. ಅತ್ತಳು, ಮಕ್ಕಳ ಮೇಲೆ ಆಣೆ ಹಾಕಿದಳು. ಅವಳಿಗೆ ಗಿಟಾರ್ ಎಲ್ಲಿ ಬೇಕಿತ್ತು? ಅವನ ಮುಖವೊಂದನ್ನು ನೋಡಿದರೆ ಸಾಕಿತ್ತು. ಕೊನೆಗೆ ಸಭೆ ಸೋತು ಗ್ರೆಗರಿಯ ಪರ ಕೈಯೆತ್ತಿತು.

ಭಾನುವಾರ ಗ್ರೆಗರಿ ಬಂದ. ಅದೇ ನೀಲಿ ಅಂಗಿ. ಬಗ್ಗಿ ಗಿಟಾರಿಗೆ ವಯರು ಸಿಕ್ಕಿಸುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಲವೀನಾ ಎದ್ದು ನಿಂತಳು.

"ಲೋಕದಲ್ಲೇ ಎಲ್ಲರಿಗಿಂತ ದೊಡ್ಡ ಗಿಟಾರಿಸ್ಟ್!" ಮಾಸ್ಟ್ರು ಮೈಕಿನಲ್ಲಿ ಕೂಗಿದರು.

ವಯರು ಹಿಡಿದ ಕೈ ಹಾಗೇ ನಿಂತಿತು. ಊರಿಗೆ ಊರೇ ಕತ್ತು ಚಾಚಿ ಕೂತಿತ್ತು. ಬಾರಿಸತೊಡಗಿದಾಗ ಮೊದಲ ಸ್ವರವೇ ತಪ್ಪಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಹಲವರು.

ಗಂಟೆ ಮುಗಿಯುವವರೆಗೂ ಗ್ರೆಗರಿ ತಲೆ ಎತ್ತಲಿಲ್ಲ. ಲವೀನಾಳಿಗೆ ಕಂಡದ್ದು ಅವನ ನೆತ್ತಿ ಮಾತ್ರ.