ಕುಂದಿಲ್ಲದ ಪ್ರತಿ

ಐದನೆಯ ಸಲವೂ ತಾತ ಸಹಿ ಹಾಕಲಿಲ್ಲ.

“ಇನ್ನೂ ಏನೋ ಕಡಿಮೆ ಇದೆಯಪ್ಪ,” ಎಂದು ಕಾಗದವನ್ನು ಮೇಜಿನ ಆಚೆಗೆ ಸರಿಸಿ ಎದ್ದು ಹೋದ.

ಶುದ್ಧಪ್ಪ ಹಲ್ಲು ಕಡಿದ ಸದ್ದು ಪಕ್ಕದ ಕೋಣೆಯಲ್ಲಿದ್ದ ಅಕ್ಕನಿಗೂ ಕೇಳಿಸಿತು. ಶುದ್ಧಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಕಸುಬಿನಿಂದ ಬಂದದ್ದು. ಹಳೆಯ ಸಿನಿಮಾ ರೀಲುಗಳ ಗೀರು, ಧೂಳು, ಬೂಷ್ಟು ತೆಗೆದು, ಜನ ಮನೆಯಲ್ಲಿ ಕುಳಿತು ನೋಡುವ ಡಿಸ್ಕ್ ಮಾಡಿಕೊಡುವುದು ಅವನ ಕೆಲಸ. ಎರಡು ಕೋಣೆಯ ಆ ಕಾರ್ಯಾಗಾರ ಅಕ್ಕನದು. ಅಹಂಕಾರವೆಲ್ಲ ತಮ್ಮನದು.

ಈ ಸಲ ಕೈಗೆ ಬಂದಿದ್ದುದು ನಮ್ಮಲ್ಲೇ ತೆಗೆದ ಒಂದು ಹಳೆಯ ಕೌಬಾಯ್ ಹಾಸ್ಯಚಿತ್ರ. ಗುರಿಯಿಟ್ಟು ಹೊಡೆಯಲು ಬಾರದ ಶೆರಿಫ್, ಅವನಿಗಿಂತ ಬುದ್ಧಿವಂತ ಕುದುರೆ, ಬಂದೂಕು ಎತ್ತಿದಾಗಲೆಲ್ಲ ಪ್ಯಾಂಟು ಜಾರುವ ಖಳನಾಯಕ. ಹಿಂದೊಮ್ಮೆ ಇದು ವಿಡಿಯೊ ಕ್ಯಾಸೆಟ್ಟಿನಲ್ಲಿ ಬಂದಿತ್ತು. ಅದರ ಮಸುಕಿನಲ್ಲಿ ಕುದುರೆ ಯಾವುದು, ಶೆರಿಫ್ ಯಾವನು ಎಂಬುದನ್ನು ದನಿ ಕೇಳಿ ತಿಳಿದುಕೊಳ್ಳಬೇಕಿತ್ತು. ಶೆರಿಫನ ದನಿ ಅದಕ್ಕೂ ಅಷ್ಟಾಗಿ ನೆರವಾಗುತ್ತಿರಲಿಲ್ಲ.

ಚಿತ್ರದ ಹಕ್ಕುದಾರರು ಒಂದು ಷರತ್ತು ಹಾಕಿದ್ದರು. ಅದರಲ್ಲಿ ದುಡಿದವರೊಬ್ಬರು ಹೊಸ ಪ್ರತಿಯನ್ನು ನೋಡಿ ‘ಅಂದು ಇದ್ದಂತೆಯೇ ಇದೆ’ ಎಂದು ಸಹಿ ಮಾಡಬೇಕು. ಶುಕ್ರವಾರದೊಳಗೆ ಸಹಿ ಬಾರದಿದ್ದರೆ ಕೆಲಸ ದೊಡ್ಡ ಕಂಪನಿಯ ಪಾಲು. ಅಕ್ಕನ ಬಾಗಿಲಿಗೆ ಬೀಗ. ಈ ಹೊತ್ತಿಗೆ ನಿರ್ದೇಶಕ, ನಟರು, ಕುದುರೆ, ಎಲ್ಲರೂ ದೇವರ ಪಾದ ಸೇರಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಮಿಕ್ಕಿದ್ದವನು ಈ ತಾತನೊಬ್ಬ. ಚಿತ್ರೀಕರಣ ನಡೆಯುವಾಗ ಹೊರಗಿನವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ತಡೆಯುತ್ತಿದ್ದ ಕಾವಲುಗಾರ.

ಮೊದಲ ಸಲ ತಾತ ‘ಕಡಿಮೆ ಇದೆ’ ಎಂದಾಗ ಶುದ್ಧಪ್ಪ ಬೆಳಕು ಹೆಚ್ಚಿಸಿದ. ಮರಳುಗಾಡಿನ ಕಲ್ಲುಗಳನ್ನು ಎಣಿಸುವಂತಾಯಿತು. ಎರಡನೆಯ ಸಲ ಸದ್ದನ್ನು ತಿದ್ದಿದ. ಕುದುರೆ ಸೀನಿದರೆ ನೋಡುವವನು ಮುಖ ಒರೆಸಿಕೊಳ್ಳಬೇಕು, ಹಾಗೆ. ಮೂರನೆಯ ಸಲಕ್ಕೆ ಖಳನಾಯಕನ ಮೀಸೆಯ ಅಂಟು ಕಾಣತೊಡಗಿತು. ನಾಲ್ಕನೆಯ ಸಲಕ್ಕೆ ಅಂಟು ಒಣಗಿಲ್ಲವೆಂಬುದೂ ಕಾಣಿಸಿತು. ಇಷ್ಟಾದರೂ ತಾತ, ಇನ್ನೂ ಸ್ವಲ್ಪ ತೊಳೆಯಲು ಆಗುತ್ತದೆಯೇ ಎಂದು ವಿನಯದಿಂದ ಕೇಳಿದ್ದ.

ಅವನ ಠೀವಿ ನೋಡಿದರೇ ಶುದ್ಧಪ್ಪನಿಗೆ ಮೈ ಉರಿಯುತ್ತಿತ್ತು. ಪ್ರತಿ ಸಲವೂ ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ, ಮದುವೆಗೆ ಹೊರಟವನ ಹಾಗೆ. ಕಾಫಿ ಕೊಟ್ಟರೆ ಬೇಡ. ದೀಪ ಆರಿದೊಡನೆ ಕೈಮುಗಿಯುತ್ತಿದ್ದ. ಡಿಸ್ಕ್ ಕೆಟ್ಟುಹೋಗಲಿ ಎಂದು ಬೇಡಿಕೊಳ್ಳುತ್ತಾನೆಂದು ಶುದ್ಧಪ್ಪನ ಊಹೆ. ಇಡೀ ಲೋಕವೇ ಬಿದ್ದು ಬಿದ್ದು ನಕ್ಕ ಬಂದೂಕಿನ ಕಾಳಗದ ಹೊತ್ತಿಗೆ ತಾತ ಕುರ್ಚಿಯ ತುದಿಗೆ ಬಂದು, ಉಸಿರು ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದ. ಖಳನಾಯಕನ ಪ್ಯಾಂಟು ಜಾರುತ್ತಿತ್ತು. ತಾತ ಒರಗಿ ಕುಳಿತುಬಿಡುತ್ತಿದ್ದ. ತುಟಿಯಲ್ಲಿ ಒಂದು ಎಳೆ ನಗುವಿಲ್ಲ.

“ಅವರಿಗೆ ಏನು ಬೇಕು ಅಂತ ಬಾಯಿಬಿಟ್ಟು ಒಂದ್ಸಲ ಕೇಳೋ,” ಎಂದಳು ಅಕ್ಕ.

“ಕೇಳೋದೇನಕ್ಕ? ಜನಾನ ಅಟ್ಟೋ ಕೆಲಸ ಮಾಡ್ತಿದ್ದೋರು ನಂಗೆ ಚಿತ್ರ ತೊಳೆಯೋದು ಕಲಿಸ್ತಾರಾ?”

ಗುರುವಾರ ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಶುದ್ಧಪ್ಪನಿಗೆ ಜ್ಞಾನೋದಯವಾಯಿತು. ತಾತನನ್ನು ಕಾಡುತ್ತಿದ್ದುದು ಚಿತ್ರದ ಗುಣಮಟ್ಟವಲ್ಲ, ಭಯ. ಪಾಪ, ಮುದುಕ. ಶುದ್ಧಪ್ಪನಿಗೆ ಜೀವನದಲ್ಲಿ ಮೊದಲ ಬಾರಿಗೆ ಒಬ್ಬರ ಮೇಲೆ ಕರುಣೆ ಬಂದಿತು. ಅದು ತನ್ನ ಅನುಕೂಲಕ್ಕೆ ಸರಿಯಾಗಿ ಬಂದದ್ದು ಕೇವಲ ಆಕಸ್ಮಿಕ.

ಶುಕ್ರವಾರ ಬೆಳಿಗ್ಗೆ ತಾತ ಬಂದೊಡನೆ ಶುದ್ಧಪ್ಪ ಅವನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ. ಅಕ್ಕ ಕಾಗದ ಹಿಡಿದು ಬಾಗಿಲ ಬಳಿ ನಿಂತಳು.

“ಹೆದರ್ಕೋಬೇಡಿ ತಾತ,” ಎಂದ ಶುದ್ಧಪ್ಪ, ದನಿ ತಗ್ಗಿಸಿ. “ನಿಮ್ಮಿಂದ ಆಗಿದ್ದ ತಪ್ಪು ನಂಗೆ ಮೊದಲನೇ ದಿನವೇ ಗೊತ್ತಾಯ್ತು. ಬಂದೂಕಿನ ಕಾಳಗದಲ್ಲಿ, ಹಿಂದೆ ಮಹಡಿ ಕಿಟಕೀಲಿ ಯಾರೋ ಹೆಂಗಸು ಕೂತಿದ್ಲು. ಕೈಲಿ ಕೊಡೆ ಬೇರೆ. ಕೌಬಾಯ್ ಊರಲ್ಲಿ! ನಿಮ್ಮ ಕಣ್ಣು ತಪ್ಪಿಸಿ ನುಗ್ಗಿದಾಳೆ. ಆಗ ಯಾರೂ ನೋಡಲಿಲ್ಲ, ನಿಮ್ಮ ಪುಣ್ಯ. ಈಗ ಚಿತ್ರ ಶುಭ್ರವಾದ್ರೆ ಲೋಕಕ್ಕೆಲ್ಲ ಕಾಣುತ್ತೆ, ಮರ್ಯಾದೆ ಹೋಗುತ್ತೆ ಅಂತ ತಾನೇ ನಿಮ್ಮ ಸಂಕಟ?”

ತಾತ ಕುರ್ಚಿಯ ತುದಿಗೆ ಸರಿದ.

“ಒರೆಸಿ ಹಾಕಿದೀನಿ. ನೂರ ಹನ್ನೆರಡು ಫ್ರೇಮು, ಒಂದೊಂದನ್ನೂ ಕೈಯಾರೆ. ರೀಲು ಪುಡಿಯಾಗಿತ್ತು, ಎಸೆದಾಯ್ತು. ಹಳೇದು ಯಾವುದೂ ಇಟ್ಕೊಂಡಿಲ್ಲ. ಇನ್ನು ನಿಮ್ಮ ಕಡೆ ಬೆರಳು ತೋರಿಸೋರು ಹುಟ್ಟಿ ಬರಬೇಕು.”

 ತಾತ ಅಕ್ಕನ ಕೈಯಿಂದ ಕಾಗದ ತೆಗೆದುಕೊಂಡು ಓದಿದ. ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ. ಸಹಿ ಹಾಕದೆ ಅವಳಿಗೇ ಹಿಂತಿರುಗಿಸಿ, ಕ್ಷಮಿಸಮ್ಮ ಎಂದ.

“ಯಾರೋ ಹೆಂಗಸಲ್ಲಪ್ಪ, ನನ್ನ ಹೆಂಡತಿ,” ಎಂದ ಶುದ್ಧಪ್ಪನ ಕಡೆ ತಿರುಗಿ. “ಶೂಟಿಂಗ್ ನೋಡ್ಬೇಕು ಅಂತ ಆಸೆಪಟ್ಲು, ನಾನೇ ಅಲ್ಲಿ ಕೂರಿಸಿದ್ದೆ. ಅವಳ ಫೋಟೋ ಅಂತ ಮನೇಲಿ ಒಂದೂ ಇಲ್ಲ. ನೀನು ಇನ್ನೊಂದಿಷ್ಟು ತೊಳೆದ್ರೆ ಮುಖ ಕಾಣಿಸುತ್ತೇನೋ ಅಂತ ಕಾಯ್ತಿದ್ದೆ.”